ನಗಿಸುವವರೂ ಹೋರಾಡುತ್ತಾರೆ, ಮೇಷ್ಟ್ರೇ

(ಹಾಡುತ್ತ ನಗಿಸುವ ನ್ಯೂಜಿಲೆಂಡಿನ ಅವಳಿ ಸಹೋದರಿಯರು ಜೂಲ್ಸ್ ಮತ್ತು ಲಿಂಡಾ ಟಾಪ್ ಕುರಿತ ‘ಅನ್‌ಟಚಬಲ್ ಗರ್ಲ್ಸ್’ ಸಾಕ್ಷ್ಯಚಿತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಬಂದಿತ್ತು. ಅದನ್ನೋದಿ ಸಾಗರದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: ‘ಹಾಡು, ಹಾಸ್ಯ ಎಲ್ಲ ಸರಿ. ಹೋರಾಟಗಾರ್ತಿಯರು ಅನ್ನುವುದು ಅತಿಯಾಯಿತು. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಬಂದು ಹೋಗಬೇಕು, ಅವನೇ ಪ್ರಸಂಗ ಆಗಬಾರದು. ಇನ್ನು ಅವರು ಯಾರನ್ನು ಪ್ರೀತಿಸುತ್ತಾರೆ ಅನ್ನೋದು ಅವರ ಮನೆ ವಿಷಯ. ಪತ್ರಿಕೆಯಲ್ಲಿ ಅದೆಲ್ಲ ಯಾಕೆ?’)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯೋಚನೆ ಮಾಡಿ ಬರೆದಿದ್ದೀರಿ. ಹಾಗಾಗಿ ನಾಲ್ಕು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ.

‘ಮನೆ ವಿಷಯ’ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಮನೆ ವಿಷಯವಾಗಿಯೇ ಇರಲಿ ಅಂತಲೇ ಅಲ್ಲಿನ ಸಲಿಂಗ ಪ್ರೇಮಿಗಳು ಬೀದಿಗೆ ಇಳಿದಿದ್ದು. ನ್ಯೂಜಿಲೆಂಡಿನಲ್ಲಿ 1986ರವರೆಗೆ ಇಬ್ಬರು ಗಂಡಸರು ಪರಸ್ಪರ ಒಪ್ಪಿ ಕೂಡಿದರೂ ಅಪರಾಧವಾಗಿತ್ತು, ಜೈಲಿಗೆ ಹೋಗಬೇಕಿತ್ತು. ಫ್ರಾನ್ ವೈಲ್ಡ್ ಎಂಬ ಸಂಸದೆ 1985ರಲ್ಲಿ ಇದನ್ನು ತೆಗೆಯುವ ಮಸೂದೆ ತಂದರು. ದೇಶ ಎರಡು ಹೋಳಾಯಿತು. ವಿರೋಧ ಮಾಡಿದವರು 8 ಲಕ್ಷಕ್ಕೂ ಜಾಸ್ತಿ ಸಹಿ ಇದೆ ಅಂತ ಪೆಟ್ಟಿಗೆಗಟ್ಟಲೆ ಕಾಗದವನ್ನು ಸಂಸತ್ತಿನ ಮೆಟ್ಟಿಲಿಗೆ ತಂದಿಟ್ಟರು. 1986ರ ಜುಲೈ 9ರಂದು ಮಸೂದೆ ಪಾಸಾಯಿತು. ಪರವಾಗಿ 49 ಮತ, ವಿರುದ್ಧ 44. ಐದೇ ಮತದ ಅಂತರ.

ಇಲ್ಲಿ ಒಂದು ಮಾತು ಗಮನಿಸಿ. ಆ ಹಳೆಯ ಕಾನೂನು ಹೆಂಗಸರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಜೂಲ್ಸ್ ಮತ್ತು ಲಿಂಡಾ ಟಾಪ್ ಸುಮ್ನೆ ಇದ್ದಿದ್ದರೂ ಯಾವ ಪೊಲೀಸೂ ಅವರ ಬಾಗಿಲು ಬಡಿಯುತ್ತಿರಲಿಲ್ಲ. ಆದರೂ ಇಬ್ಬರೂ ಗಿಟಾರ್ ಹಿಡಿದು ಆ ಚಳವಳಿಗೆ ಹಾಡಿದರು. ತಾವು ಲೆಸ್ಬಿಯನ್ನರು ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡೇ ಹಾಡಿದರು. ಅದನ್ನು ಬಿಟ್ಟು ಬರೀ ಹಾಡಿನ ಬಗ್ಗೆ ಬರೆದಿದ್ದರೆ ಅವರು ಪಟ್ಟ ಕಷ್ಟವನ್ನೇ ನಾವು ಅಳಿಸಿ ಹಾಕಿದ ಹಾಗೆ ಆಗುತ್ತಿತ್ತು. ನಮ್ಮ ದೇಶದಲ್ಲೂ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ 2018ರ ಸೆಪ್ಟೆಂಬರ್ 6ರವರೆಗೆ ಇತ್ತಲ್ವಾ? ನಮ್ಮ ಓದುಗರಲ್ಲೇ ಆ ಭಯದಲ್ಲಿ ಅರ್ಧ ಆಯುಷ್ಯ ಕಳೆದವರಿದ್ದಾರೆ. ನಾನು ಬರೆಯುವಾಗ ಅವರೂ ಮನಸ್ಸಿನಲ್ಲಿರುತ್ತಾರೆ.

ಇನ್ನು ಹಾಸ್ಯದ ಮಾತು. ಹಾಸ್ಯಗಾರನ ಹೋಲಿಕೆ ನನಗೆ ಹಿಡಿಸಿತು. ಆದರೆ ಮೇಷ್ಟ್ರೇ, ರಾಜನ ಎದುರು ಮಂತ್ರಿಯೂ ಆಡಲಾರದ ಮಾತನ್ನು ಆಡುವವನು ಅವನೇ ತಾನೆ?

ಈ ಅವಳಿಗಳು ಹುಟ್ಟಿದ್ದು 1958ರಲ್ಲಿ. ವೈಕಾಟೊ ಸೀಮೆಯ ಹಂಟ್ಲಿ ಹತ್ತಿರ ಅವರದು ಹೈನುಗಾರಿಕೆಯ ಮನೆ. ಹಸು, ಕುದುರೆ, ಕೊಟ್ಟಿಗೆ ಕೆಲಸದ ನಡುವೆ ಬೆಳೆದವರು. ಗಂಟಲಿನ ದನಿ ದಪ್ಪದಿಂದ ತೆಳುವಿಗೆ ಥಟ್ಟನೆ ಜಿಗಿಯುವ ಯೋಡ್ಲಿಂಗ್ ಹಾಡಿಕೆಯನ್ನು ಹಳೆಯ ರೆಕಾರ್ಡ್ ಕೇಳಿ ಕಲಿತರು. ಆಮೇಲೆ ಆಕ್ಲೆಂಡಿನ ಕ್ವೀನ್ ಸ್ಟ್ರೀಟ್ ಫುಟ್‌ಪಾತ್ ಮೇಲೆ ನಿಂತು ಹಾಡಿದರು. ಟ್ರ್ಯಾಕ್ಟರಿಗೆ ಗಾಡಿಮನೆ ಕಟ್ಟಿಕೊಂಡು ಊರೂರು ತಿರುಗಿದ್ದೂ ಉಂಟು. ಟ್ರ್ಯಾಕ್ಟರಿನ ವೇಗ ನಿಮಗೆ ಗೊತ್ತೇ ಇದೆ.

ಅವರ ‘ಕೆನ್ ಮತ್ತು ಕೆನ್’ ವೇಷವನ್ನು ನೀವು ನೋಡಬೇಕು. ಇಬ್ಬರೂ ಗಂಡಸರ ವೇಷ ಹಾಕುತ್ತಾರೆ. ಕಾಲು ಅಗಲಿಸಿ ನಿಲ್ಲುವುದು, ಅರ್ಧ ಮಾತಾಡಿ ಅರ್ಧ ನುಂಗುವುದು, ಎಲ್ಲ ಊರಿನ ಗಂಡಸರದೇ. ಅದರಲ್ಲಿ ಕುಹಕ ಒಂದು ಚೂರೂ ಇಲ್ಲ. ಆ ಜನರ ನಡುವೆಯೇ ಬೆಳೆದು, ಪ್ರೀತಿಯಿಂದ ನೋಡಿ ಕಲಿತದ್ದು. ಅದಕ್ಕೇ ಹಳ್ಳಿಯ ರೈತರು ತಮ್ಮನ್ನೇ ನೋಡಿಕೊಂಡು ನಕ್ಕರು. ಹೀಗೆ ಮನಸಾರೆ ನಗಿಸಿದ ಹೆಣ್ಣುಮಗಳನ್ನು ಮಾರನೇ ದಿನ ‘ಅಂಥವಳು’ ಅಂತ ದೂರ ಇಡುವುದು ಕಷ್ಟ. ನಿರ್ದೇಶಕಿ ಲಿಯಾನ್ ಪೂಲಿ ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಚಿತ್ರದಲ್ಲಿ ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಅವಳಿಗಳ ಬಗ್ಗೆ ಮಾತಾಡುತ್ತಾರೆ. ಹಾಗೆಯೇ ಈ ಕೆನ್ನರೂ ನಿಜವಾದ ಮನುಷ್ಯರ ಥರ ಕುರ್ಚಿಯಲ್ಲಿ ಕೂತು ಅದೇ ಅವಳಿಗಳ ಬಗ್ಗೆ ಮಾತಾಡುತ್ತಾರೆ! 2009ರ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರು ಇದನ್ನೇ ಅತ್ಯುತ್ತಮ ಸಾಕ್ಷ್ಯಚಿತ್ರ ಅಂತ ಆರಿಸಿದರು.

ಒಂದು ತಪ್ಪು ನಮ್ಮದು, ಒಪ್ಪುತ್ತೇನೆ. ಹೋರಾಟ ಅಂತ ಬರೆದೆವು, ಯಾವ ಹೋರಾಟ ಅಂತ ಬಿಡಿಸಿ ಹೇಳಲಿಲ್ಲ. ಆಕ್ಲೆಂಡಿನ ಬ್ಯಾಸ್ಟಿಯನ್ ಪಾಯಿಂಟ್‌ನಲ್ಲಿ ಆ ದೇಶದ ಮೂಲನಿವಾಸಿಗಳಾದ ಮಾವೊರಿಗಳು ತಮ್ಮ ಪೂರ್ವಿಕರ ಜಾಗಕ್ಕಾಗಿ 506 ದಿನ ಕೂತಿದ್ದರು. 1978ರ ಮೇ 25ರಂದು ಪೊಲೀಸರು ಅಲ್ಲಿ 222 ಜನರನ್ನು ಹಿಡಿದರು. ಟಾಪ್ ಅವಳಿಗಳು ಆ ಮಾವೊರಿಗಳ ಜೊತೆ ನಿಂತವರು. ವರ್ಣಭೇದದ ದಕ್ಷಿಣ ಆಫ್ರಿಕಾದ ರಗ್ಬಿ ತಂಡ 1981ರಲ್ಲಿ ಬಂದಾಗ ವಿರೋಧದ ಮೆರವಣಿಗೆಯಲ್ಲಿ ನಡೆದರು. ಅಣ್ವಸ್ತ್ರ ಬೇಡ ಅನ್ನುವ ಚಳವಳಿಯಲ್ಲೂ ಇದ್ದರು. ತಮ್ಮ ನೋವಿಗೆ ಮಾತ್ರ ಹಾಡಿದವರಲ್ಲ. ಇವರನ್ನು ಹೋರಾಟಗಾರ್ತಿಯರು ಅನ್ನದೆ ಇನ್ನೇನು ಅನ್ನಲಿ ಹೇಳಿ?

ಚಿತ್ರದ ಹೆಸರಿನ ಬಗ್ಗೆಯೂ ಹೇಳಿಬಿಡುತ್ತೇನೆ, ಇನ್ನಿಬ್ಬರು ಓದುಗರು ಕೇಳಿದ್ದಾರೆ. ‘ಅನ್‌ಟಚಬಲ್’ ಅಂದ ಕೂಡಲೇ ನಮಗೆ ನಮ್ಮ ನೆಲದ ಕ್ರೌರ್ಯ ನೆನಪಾಗುತ್ತದೆ, ಸಹಜ. ಅವರ ಹಾಡಿನಲ್ಲಿ ಆ ಮಾತಿಗೆ ‘ನಮ್ಮನ್ನು ಯಾರೂ ಬಗ್ಗಿಸಲಾರರು’ ಅನ್ನುವ ಧೈರ್ಯದ ಅರ್ಥ.

ಇಷ್ಟೆಲ್ಲ ಆಕ್ಷೇಪ ಬರೆದು, ಕೊನೆಗೆ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಆ ಹುಡುಗಿಗೆ ಈಗ ಹೇಗಿದೆ?’ ಅಂತ ಜೂಲ್ಸ್ ಬಗ್ಗೆ ಕೇಳಿದ್ದೀರಿ. ಅದನ್ನು ಓದಿ ಕಣ್ಣು ತುಂಬಿತು. ಜೂಲ್ಸ್‌ಗೆ 2006ರಲ್ಲಿ ಸ್ತನ ಕ್ಯಾನ್ಸರ್ ಆಗಿ, ಚಿಕಿತ್ಸೆಯಿಂದ ಚೇತರಿಸಿಕೊಂಡರು. 2018ರಲ್ಲಿ ಇಬ್ಬರಿಗೂ ‘ಡೇಮ್’ ಬಿರುದು ಬಂತು, ಗಂಡಸರಿಗೆ ಕೊಡುವ ‘ಸರ್’ ಬಿರುದಿನ ಹಾಗೆ. 2022ರಲ್ಲಿ ಮತ್ತೆ ಕೆಟ್ಟ ಸುದ್ದಿ: ಜೂಲ್ಸ್‌ಗೆ ಕಾಯಿಲೆ ಮರಳಿತ್ತು, ಈ ಸಲ ಲಿಂಡಾಗೂ ಬಂದಿತ್ತು. ಚಿಕಿತ್ಸೆ ಪಡೆದರು. 2023ರಲ್ಲಿ ಇಬ್ಬರೂ ಸೇರಿ ತಮ್ಮ ಬದುಕಿನ ಕಥೆಯನ್ನು ಪುಸ್ತಕವಾಗಿ ತಂದರು.

— ಸಂಪಾದಕ