ಮೊಣಕಾಲು ನೋವಿದ್ದವರಿಗೆ ಈಜು ಆಗುತ್ತಾ? ತೂಕ ಇಳಿಯುತ್ತಾ?

ವಯಸ್ಸು ನಲವತ್ತು ದಾಟಿದೆ, ತೂಕ ಜಾಸ್ತಿ, ವಾಕಿಂಗ್ ಮಾಡಿದರೆ ಮೊಣಕಾಲು ನೋಯುತ್ತದೆ, ಈಜಿದರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಾನೂ ಇದೇ ತೊಂದರೆಯಿಂದ ಮೂರು ವರ್ಷದ ಹಿಂದೆ ಬಳ್ಳಾರಿಯಲ್ಲಿ ಈಜುಕೊಳಕ್ಕೆ ಸೇರಿದೆ.

ಎದೆಮಟ್ಟ ನೀರಲ್ಲಿ ನಿಂತರೆ ನಮ್ಮ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕಾಲಿನ ಮೇಲೆ ಬೀಳುತ್ತದೆ, ಉಳಿದದ್ದನ್ನು ನೀರೇ ಹೊರುತ್ತದೆ. ಅದೇ ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹಾಗಾಗಿ ಕೈ ಚಾಚಿ ಎಳೆದಷ್ಟೂ ಅದು ತಡೆಯುತ್ತದೆ, ಭುಜ, ಬೆನ್ನು, ಹೊಟ್ಟೆ, ತೊಡೆ ಎಲ್ಲಕ್ಕೂ ಕೆಲಸ ಬೀಳುತ್ತದೆ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಬೇರೆ ಯಾವ ವ್ಯಾಯಾಮಕ್ಕೂ ಮನಸ್ಸಾಗಲ್ಲ, ಇದಕ್ಕೆ ಮಾತ್ರ ಆಗುತ್ತದೆ. ಆದರೆ ನೀರೊಳಗೂ ಬೆವರುತ್ತೇವೆ, ಗೊತ್ತಾಗಲ್ಲ ಅಷ್ಟೇ. ಕುಡಿಯುವ ನೀರು ಒಯ್ಯಿರಿ.

ಒಂದು ವಿಷಯ ಮೊದಲೇ ತಿಳಿದಿದ್ದರೆ ನನಗೆ ಎರಡು ತಿಂಗಳು ಉಳಿಯುತ್ತಿತ್ತು. ನಾನು ಸಿಂಧನೂರು ಕಡೆಯವನು, ಚಿಕ್ಕಂದಿನಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವನು. ತಲೆ ನೀರಿನ ಮೇಲೆ, ಕಾಲು ಕಪ್ಪೆಯ ಹಾಗೆ. ಕೊಳದಲ್ಲೂ ಹಾಗೇ ಈಜಿದೆ, ಮೊಣಕಾಲಿನ ಒಳಮಗ್ಗುಲು ಇನ್ನೂ ಜಾಸ್ತಿ ನೋಯೋಕೆ ಶುರುವಾಯಿತು, ಕುತ್ತಿಗೆಯೂ ಹಿಡಿದುಕೊಂಡಿತು. ಕಲಿಸುವವರು ನೋಡಿ ಹೇಳಿದರು, ಕಪ್ಪೆ ಒದೆತದಲ್ಲಿ ಮೊಣಕಾಲು ಪಕ್ಕಕ್ಕೆ ತಿರುಚುತ್ತದೆ, ನಿಮಗೆ ಬೇಡ ಅಂತ. ಮುಖ ನೀರಲ್ಲಿಟ್ಟು ಗುಳುಗುಳು ಉಸಿರು ಬಿಡೋದು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳೋದು, ಕಾಲನ್ನು ಸೊಂಟದಿಂದ ಸಣ್ಣಗೆ ಆಡಿಸೋದು ಕಲಿಸಿದರು. ಹೀಗೆ ಬೋರಲಾಗಿ ಈಜುವ ಫ್ರೀಸ್ಟೈಲ್ ಇಲ್ಲವೇ ಅಂಗಾತ ಮಲಗಿ ಈಜೋದು, ನಿಮಗೂ ಇವೆರಡೇ ಸರಿ. ಈಜು ಬರದಿದ್ದರೆ ಮೊದಲ ವಾರ ಎದೆಮಟ್ಟ ನೀರಲ್ಲಿ ಸುಮ್ನೆ ನಡೆಯಿರಿ, ಅದೂ ವ್ಯಾಯಾಮವೇ.

ತೂಕದ ವಿಷಯಕ್ಕೆ ಬಂದರೆ, 70 ಕೆಜಿ ಇರುವವರು ಅರ್ಧ ಗಂಟೆ ನಿಧಾನಕ್ಕೆ ಬಿಡದೆ ಈಜಿದರೆ ಸುಮಾರು 200 ಕ್ಯಾಲೊರಿ ಕರಗುತ್ತದೆ. ಈಜಿ ಬಂದ ಮೇಲೆ ಹಸಿವು ಜೋರು, ದಾರಿಯಲ್ಲಿ ಒಂದು ಪ್ಲೇಟ್ ಮಂಡಕ್ಕಿ ವಗ್ಗರಣಿ, ಎರಡು ಮಿರ್ಚಿ ತಿಂದರೆ ಅಷ್ಟೂ ವಾಪಸ್ ಬಂತು ಅಲ್ವಾ. ಅದನ್ನು ಬಿಟ್ಟ ಮೇಲೆಯೇ ನನ್ನ ತೂಕ ಇಳಿದದ್ದು, ಎಂಟು ತಿಂಗಳಲ್ಲಿ ಆರು ಕೆಜಿ. ಇನ್ನೊಂದು, ನೀರು ಭಾರ ಹೊರುವುದರಿಂದ ಮೂಳೆಗೆ ಈಜಿನಿಂದ ಹೆಚ್ಚು ಬಲ ಬರಲ್ಲ. ಮೊಣಕಾಲು ತಡೆದಷ್ಟು ನಡಿಗೆಯೂ ಇರಲಿ.

ನನಗೆ ಎಲ್ಲಕ್ಕಿಂತ ದೊಡ್ಡ ಲಾಭ ಉಸಿರು. ಮೊದಲ ದಿನ 25 ಮೀಟರ್ ದಾಟುವಷ್ಟರಲ್ಲಿ ಏದುಸಿರು. ಈಗ ಅಂಥ 20 ಸುತ್ತು ಹೊಡೆಯುತ್ತೇನೆ, ಮಗಳ ಜೊತೆ ಕೋಟೆ ಗುಡ್ಡವನ್ನು ನಡುವೆ ಕೂರದೆ ಹತ್ತಿದೆ. ಆ ದಿನದ ಖುಷಿ ಇನ್ನೂ ಇದೆ.

ಬಿಪಿ, ಹೃದಯ, ಕಿವಿಯ ತೊಂದರೆ ಏನಾದರೂ ಇದ್ದರೆ ಡಾಕ್ಟರನ್ನು ಕೇಳಿ ಇಳಿಯಿರಿ. ಮತ್ತೆ, ಕೊಳದ ಫೀಸು ಉಳಿಸೋಕೆ ಅಂತ ತುಂಗಭದ್ರಾ ಕಾಲುವೆಗೆ ಮಾತ್ರ ಹೋಗಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ, ಇಳಿಜಾರಿನ ಗೋಡೆ ಪಾಚಿ ಹಿಡಿದಿರುತ್ತದೆ, ಈಸು ಬಂದವರಿಗೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಬೇಸಿಗೆ ರಜೆಯಲ್ಲಿ ಕೊಳದಲ್ಲಿ ಮಕ್ಕಳ ಗದ್ದಲ ಜಾಸ್ತಿ, ಬೆಳಿಗ್ಗೆ ಆರರ ಬ್ಯಾಚ್ ಇದೆಯಾ ಕೇಳಿ ಸೇರಿಕೊಳ್ಳಿ.