ಮ್ಯಾಗ್ನೆಟ್ ಹಿಡಿಯಲಿಲ್ಲ ಅಂದರೆ ಬೆಳ್ಳಿ ಅಂತ ಅಲ್ಲ

"1893-ಎಸ್ ಮಾರ್ಗನ್ 200 ಡಾಲರಿಗೆ ಸಿಕ್ಕಿತು, ಮ್ಯಾಗ್ನೆಟ್ ಹಿಡಿಯಲಿಲ್ಲ, ಹಾಗಾಗಿ ಅಸಲಿ" ಅಂತ ಬರೆದಿದ್ದೀರಿ. ಮಾರ್ಗನ್ ಅಂದರೆ ಅಮೆರಿಕದ ಹಳೇ ಬೆಳ್ಳಿ ಡಾಲರ್ ನಾಣ್ಯ, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು. ವಾಪಸ್ ಕೊಡುವ ಗಡುವು ಇನ್ನೂ ಇದೆಯಾ? ಇದ್ದರೆ ಮೊದಲು ಇದನ್ನು ಓದಿ. ಹಿತ್ತಾಳೆ, ತಾಮ್ರ, ಸತು ಯಾವುದನ್ನೂ ಮ್ಯಾಗ್ನೆಟ್ ಹಿಡಿಯುವುದಿಲ್ಲ.

ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ಭಾನುವಾರದ ಸಂತೆಯಲ್ಲಿ ನಾನೂ ಹೀಗೇ 1889-ಸಿಸಿ (ಕಾರ್ಸನ್ ಸಿಟಿ ಟಂಕಸಾಲೆಯ ಮಾರ್ಗನ್) ತಗೊಂಡೆ. ತೂಕ 26.7 ಗ್ರಾಂ, ಸರಿಯಾಗೇ ಇತ್ತು. ಎರಡು ವರ್ಷ ಎಲ್ಲರಿಗೂ ತೋರಿಸಿದೆ. ಆಮೇಲೆ ನೀರಲ್ಲಿ ತೂಗಿದೆ, ಬಣ್ಣ ಬಯಲಾಯಿತು. ಬೆಳ್ಳಿ ಲೇಪದ ಹಿತ್ತಾಳೆ. ಅಸಲಿ ಪಕ್ಕ ಇಟ್ಟಿದ್ದರೆ ದಪ್ಪ ಜಾಸ್ತಿ ಅಂತ ಬರಿಗಣ್ಣಿಗೇ ಕಾಣುತ್ತಿತ್ತು.

ನೀರಿನ ತೂಕ ಹೀಗೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕೆ, ಗೋಡೆಗೆ ತಾಗಬಾರದು. ಈಗ ಬರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಶೇ. 90 ಬೆಳ್ಳಿಗೆ 10.3 ಆಸುಪಾಸು ಬರಬೇಕು. ಅಂದರೆ 26.73 ಗ್ರಾಂ ನಾಣ್ಯ ನೀರಲ್ಲಿ 2.58 ತೋರಿಸುತ್ತದೆ. ನನ್ನದು 3.1 ತೋರಿಸಿತು. ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಮೆಲ್ಲಗೆ ಅಲುಗಾಡಿಸಿ. ಸವೆದ ನಾಣ್ಯದ ತೂಕ ಸ್ವಲ್ಪ ಕಮ್ಮಿ ಇರುತ್ತದೆ, ಅದಕ್ಕೆ ಹೆದರಬೇಡಿ. ಭಾಗಲಬ್ಧ ಮಾತ್ರ ಬದಲಾಗಬಾರದು.

ಆದರೆ ನಿಮ್ಮ ನಾಣ್ಯ ಇದರಲ್ಲಿ ಪಾಸಾದರೂ ನಂಬಬೇಡಿ. ಟಂಕಸಾಲೆಯ ಗುರುತಿಲ್ಲದ ಅಸಲಿ 1893ರ ನಾಣ್ಯಕ್ಕೆ ಎಸ್ ಅಕ್ಷರ ಅಂಟಿಸಿ ಮಾರುತ್ತಾರೆ. ಅಲ್ಲಿ ಬೆಳ್ಳಿ ನಿಜ, ಎಸ್ ಮಾತ್ರ ಸುಳ್ಳು. ಎಸ್ ಬುಡದಲ್ಲಿ ಸಂದಿ ಇದೆಯಾ ಅಂತ 10 ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ, ಅಂದರೆ ಲೂಪ್‌ನಲ್ಲಿ ನೋಡಿ. ಮುಂಬದಿಯ ಲಿಬರ್ಟಿ ಪದದ ಟಿ ಅಕ್ಷರದ ತಲೆಯಲ್ಲಿ ಓರೆಯಾದ ಸಣ್ಣ ಉಬ್ಬುಗೆರೆ ಇರಬೇಕು. ತುಂಬಾ ಸವೆದಿದ್ದರೆ ಕಾಣದೇ ಇರಬಹುದು. ಅಸಲಿ 1893-ಎಸ್ ಟಂಕಿಸಿದ್ದೇ 1,00,000. ಸವೆದದ್ದೂ ಸಾವಿರಾರು ಡಾಲರ್ ಬಾಳುತ್ತದೆ. 200ಕ್ಕೆ ಯಾರು ಕೊಡುತ್ತಾರೆ ಹೇಳಿ?

ಲೂಪ್‌ಗೆ ದುಡ್ಡು ಹಾಕಿ. ಬಾಷ್ ಆ್ಯಂಡ್ ಲಾಂಬ್‌ನ ಹೇಸ್ಟಿಂಗ್ಸ್ ಟ್ರಿಪ್ಲೆಟ್ (ಮೂರು ಮಸೂರದ ಲೂಪ್) ನನ್ನ ಜೇಬಿನಲ್ಲಿ ಸದಾ ಇರುತ್ತದೆ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಕಂಪನಿಯ ಡಬ್ಬಿಯಲ್ಲಿದ್ದರೂ ಸುಮ್ನೆ ನಂಬಬೇಡಿ, ಡಬ್ಬಿಯೂ ನಕಲಿ ಬರುತ್ತದೆ. ಡಬ್ಬಿಯ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ಫೋಟೋ ಹೋಲಿಸಿ. ಇನ್ನು ನಾಣ್ಯವನ್ನು ಪೂಜೆಯ ಪಾತ್ರೆ ಹಾಗೆ ವಿಭೂತಿ ಹಚ್ಚಿ ತಿಕ್ಕಿದೆ ಅಂದವರು ಯಾರಪ್ಪ? ದಯವಿಟ್ಟು ಮಾಡಬೇಡಿ, ಅರ್ಧ ಬೆಲೆ ಅಲ್ಲೇ ಹೋಯಿತು. ಪಿವಿಸಿ ಪ್ಲಾಸ್ಟಿಕ್ ಕವರ್ ಕೂಡ ಬೇಡ, ಹಸಿರು ಅಂಟು ಹತ್ತುತ್ತದೆ.

ನೋಟಿನ ಬಗ್ಗೆಯೂ ಕೇಳಿದ್ದಿರಿ. 1934ರ 20 ಡಾಲರ್ ನೋಟಿನಲ್ಲಿ ಭದ್ರತಾ ದಾರ ಇಲ್ಲದಿರುವುದು ತಪ್ಪಲ್ಲ, ದಾರ ಬಂದದ್ದೇ 1990ರ ಸೀರೀಸ್‌ನಲ್ಲಿ. ಕೆಂಪು, ನೀಲಿ ಎಳೆಗಳು ಕಾಗದದ ಒಳಗೇ ಹುದುಗಿವೆಯಾ, ಮೇಲೆ ಅಚ್ಚು ಹಾಕಿದ್ದಾ ನೋಡಿ. ನಕಲಿ ನೋಟು ಪತ್ತೆಗೆ ಬಳಸುವ ಅಯೋಡಿನ್ ಪೆನ್ ಮುಟ್ಟಿಸಲೇಬೇಡಿ. ಅದು ಕಾಗದದಲ್ಲಿ ಗಂಜಿ ಇದೆಯಾ ಅಂತಷ್ಟೇ ಹೇಳುತ್ತದೆ, ಹಳೇ ನೋಟಿಗೆ ಕಲೆ ಬಿದ್ದರೆ ಹೋಗುವುದಿಲ್ಲ. ಹಾಗೇ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಯಾರಾದರೂ 1840ರ ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್‌ನ 1000 ಡಾಲರ್ ನೋಟು ತಂದರೆ ನಂಬರ್ ನೋಡಿ. 8894 ಇದ್ದರೆ ಅದು ಹಳದಿ ಗರಿಗರಿ ಕಾಗದದ ಆಟಿಕೆ ನೋಟು, ಲೆಕ್ಕವಿಲ್ಲದಷ್ಟು ಅಚ್ಚಾಗಿದೆ.