ಅಪರಾಧದಿಂದ ನೊಂದವರ ಚೇತರಿಕೆಗೆ ಪುನಃಸ್ಥಾಪಕ ನ್ಯಾಯ ಹೇಗೆ ನೆರವಾಗುತ್ತದೆ?

ನ್ಯಾಯಾಲಯದಲ್ಲಿ ಅಪರಾಧವು ಪ್ರಭುತ್ವಕ್ಕೂ ಆರೋಪಿಗೂ ನಡುವಿನ ವ್ಯಾಜ್ಯವಾಗಿಬಿಡುತ್ತದೆ. ನೊಂದವರು ಅಲ್ಲಿ ಬಹುಮಟ್ಟಿಗೆ ಸಾಕ್ಷಿಗಳಷ್ಟೇ. ಶಿಕ್ಷೆಯಾದ ಮೇಲೂ ‘ನನಗೇ ಏಕೆ ಹೀಗೆ ಮಾಡಿದ?’, ‘ಮತ್ತೆ ಬರುತ್ತಾನೆಯೇ?’ ಎಂಬ ಪ್ರಶ್ನೆಗಳು ಅವರನ್ನು ಕಾಡುತ್ತಲೇ ಇರುತ್ತವೆ. ತಪ್ಪನ್ನು ಒಪ್ಪಿಕೊಂಡವನಿಗೇ ಆ ಪ್ರಶ್ನೆಗಳನ್ನು, ಇಬ್ಬರ ಸಮ್ಮತಿಯಿಂದ, ತರಬೇತಿ ಪಡೆದ ಮಧ್ಯವರ್ತಿಯ ಸಮ್ಮುಖದಲ್ಲಿ ಕೇಳುವ ಅವಕಾಶವನ್ನು ಪುನಃಸ್ಥಾಪಕ ನ್ಯಾಯ ಒದಗಿಸುತ್ತದೆ. ಉತ್ತರ ಕಹಿಯಾಗಿದ್ದರೂ, ತನ್ನದೇ ಯಾವುದೋ ತಪ್ಪಿನಿಂದ ಹೀಗಾಯಿತೆಂಬ ಕೊರಗನ್ನು ಅದು ಎಷ್ಟೋ ವೇಳೆ ಇಳಿಸುತ್ತದೆ. ಕಲ್ಪನೆಯಲ್ಲಿ ಬೆಳೆಯುತ್ತಲೇ ಹೋಗಿದ್ದ ಭಯವು ಎದುರಿಗೆ ಕುಳಿತ ಒಬ್ಬ ಮನುಷ್ಯನಷ್ಟೇ ಆಗಿ ಉಳಿಯುತ್ತದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಇಂಥ ಭೇಟಿಯ ನಂತರ ಆಘಾತದ ಲಕ್ಷಣಗಳೂ ಸೇಡಿನ ಬಯಕೆಯೂ ತಗ್ಗಿದ್ದು ಕಂಡುಬಂದಿದೆ.

ಕೆನಡಾದ ಎಲ್ಮೈರಾ ಪಟ್ಟಣದಲ್ಲಿ 1974ರಲ್ಲಿ ಇಬ್ಬರು ಯುವಕರು ತಾವು ಹಾನಿ ಮಾಡಿದ್ದ ಆಸ್ತಿಗಳ ಮಾಲೀಕರನ್ನು ಖುದ್ದಾಗಿ ಭೇಟಿಯಾಗಿ ನಷ್ಟ ತುಂಬಿಕೊಟ್ಟದ್ದು ಈ ಪದ್ಧತಿಯ ಆಧುನಿಕ ಆರಂಭಗಳಲ್ಲೊಂದು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಕ್ಷಮಿಸುವಂತೆ ನೊಂದವರನ್ನು ಯಾರೂ ಒತ್ತಾಯಿಸಕೂಡದು. ಪೂರ್ವಸಿದ್ಧತೆಯಿಲ್ಲದೆ ನಡೆಸಿದ ಭೇಟಿ, ವಿಶೇಷವಾಗಿ ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ, ಗಾಯವನ್ನು ಮತ್ತೆ ಕೆದಕಬಹುದು. ಮುಖಾಮುಖಿ ಬೇಡವೆನ್ನುವವರು ಪತ್ರದ ಮೂಲಕವೂ ತಮ್ಮ ನೋವನ್ನು ತಿಳಿಸಬಹುದು. ಬೇಕೆನಿಸಿದಾಗ ನಡುವೆಯೇ ಹಿಂದೆ ಸರಿಯಲೂಬಹುದು.